ಖಡಕ್‌ವಾಸ್ಲಾದ ಗೇಟು, ಮೂಸಿಯ ಪ್ರವಾಹ: ಪುಣೆಯಲ್ಲಿ ಮಳೆನೀರಿನ ಲೆಕ್ಕ ಕಲಿತ ಸರ್ ಎಂ.ವಿ.

ಪುಣೆಯಲ್ಲಿ ಮುಠಾ ನದಿ ಉಕ್ಕಿದಾಗಲೆಲ್ಲ ಸುದ್ದಿಯಲ್ಲಿ ಮೊದಲು ಕೇಳಿಬರುವ ಹೆಸರು ಖಡಕ್‌ವಾಸ್ಲಾ ಜಲಾಶಯದ್ದು. 2024ರ ಜುಲೈ 25ರ ನಸುಕಿನಲ್ಲೂ ಹಾಗೆಯೇ ಆಯಿತು. ಜಲಾಶಯದಿಂದ ಸುಮಾರು 35 ಸಾವಿರ ಕ್ಯೂಸೆಕ್‌ ನೀರು ನದಿಗೆ ಬಂತು. ಸಿಂಹಗಡ ರಸ್ತೆಯ ಏಕತಾ ನಗರಿಯ ವಸತಿ ಸಮುಚ್ಚಯಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು, ಸೇನೆಯೂ ಬಂತು.

ಇದೇ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕನ್ನಡಿಗ ಎಂಜಿನಿಯರ್ ಒಬ್ಬರು ತಾನಾಗಿ ತೆರೆದು, ತಾನಾಗಿ ಮುಚ್ಚಿಕೊಳ್ಳುವ ಗೇಟುಗಳನ್ನು ಕೂರಿಸಿದ್ದರು. ಕೃಷ್ಣರಾಜಸಾಗರ, ಭದ್ರಾವತಿ ಕಾರ್ಖಾನೆ, ಮೈಸೂರು ದಿವಾನಗಿರಿ ಇವೆಲ್ಲ ಇನ್ನೂ ಮುಂದಿದ್ದ ಕಾಲ ಅದು. ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆ ಸಾಮಾನ್ಯವಾಗಿ ಮುದ್ದೇನಹಳ್ಳಿಯಿಂದ ಹೊರಟು ನೇರವಾಗಿ ಕನ್ನಂಬಾಡಿಗೆ ಬಂದು ನಿಲ್ಲುತ್ತದೆ. ನಡುವಿನ ಇಪ್ಪತ್ತೈದು ವರ್ಷಗಳು, ಅಂದರೆ ಪುಣೆ ಮತ್ತು ಮುಂಬೈ ಪ್ರಾಂತದ ವರ್ಷಗಳು, ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ರಸ್ತೆ ಹೊಳೆಯಾಗುವ, ಚರಂಡಿ ಉಕ್ಕುವ ಈಗಿನ ನಗರಗಳಿಗೆ ಹೆಚ್ಚು ಹತ್ತಿರವಾಗಿರುವುದು ಆ ವರ್ಷಗಳೇ.

ಸಂಗಮದ ಬಳಿಯ ಕಾಲೇಜು

ಮುದ್ದೇನಹಳ್ಳಿಯ ಶ್ರೀನಿವಾಸ ಶಾಸ್ತ್ರಿಗಳ ಮಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ, ಸೆಂಟ್ರಲ್ ಕಾಲೇಜಿನಲ್ಲಿ ಬಿಎ. ಈ ಭಾಗ ಎಲ್ಲರಿಗೂ ಗೊತ್ತಿರುವುದೇ. ಆ ನಂತರ ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನ ಸಿಕ್ಕಿ, ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು.

1854ರಲ್ಲಿ ಎಂಜಿನಿಯರಿಂಗ್ ತರಗತಿಯಾಗಿ ಶುರುವಾಗಿದ್ದ ಈ ಸಂಸ್ಥೆಯೇ ಇಂದಿನ ಸಿಒಇಪಿ. ಮುಳಾ ಮತ್ತು ಮುಠಾ ನದಿಗಳು ಕೂಡುವ ಸಂಗಮದ ಹತ್ತಿರವೇ ಕಾಲೇಜು ಇದೆ. ಮಳೆಗಾಲದಲ್ಲಿ ಹೊಳೆ ಎಷ್ಟು ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಅಲ್ಲಿ ಓದುವ ಹುಡುಗರು ಪುಸ್ತಕದಲ್ಲಿ ನೋಡಬೇಕಿರಲಿಲ್ಲ. 1883ರಲ್ಲಿ ವಿಶ್ವೇಶ್ವರಯ್ಯ ಮುಂಬೈ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಜೇಮ್ಸ್ ಬರ್ಕ್ಲಿ ಬಹುಮಾನ ಗೆದ್ದರು. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಆ ಕಾಲದ ಲೋಕೋಪಯೋಗಿ ಎಂಜಿನಿಯರ್‌ಗೆ ರಸ್ತೆ ಬೇರೆ, ನೀರು ಬೇರೆ ಎಂದಿರಲಿಲ್ಲ. ಒಬ್ಬನೇ ಅಧಿಕಾರಿ ರಸ್ತೆಯನ್ನೂ ನೋಡಬೇಕು, ಮೋರಿ, ಕಾಲುವೆ, ಸರ್ಕಾರಿ ಕಟ್ಟಡಗಳನ್ನೂ ನೋಡಬೇಕು. ಖಾನ್‌ದೇಶದಲ್ಲಿ ವಿಶ್ವೇಶ್ವರಯ್ಯನವರಿಗೆ ಸಿಕ್ಕ ಆರಂಭದ ಕೆಲಸಗಳಲ್ಲೊಂದು ಪಾಂಝ್ರಾ ನದಿಯ ಹರಿವಿಗೆ ಅಡ್ಡಲಾಗಿ ಪೈಪ್ ಸೈಫನ್ ಮೂಲಕ ನೀರು ದಾಟಿಸುವುದು. ಮಳೆಗಾಲದ ಹೊಳೆ ಅಡ್ಡಬಂದರೂ ಕೆಲಸ ಮುಗಿಸಿದರು. ಇಂದು ನಗರಪಾಲಿಕೆಗಳಲ್ಲಿ ರಸ್ತೆಗೆ ಒಂದು ವಿಭಾಗ, ಮಳೆನೀರು ಚರಂಡಿಗೆ ಇನ್ನೊಂದು, ಒಳಚರಂಡಿಗೆ ಮತ್ತೊಂದು. ರಸ್ತೆ ಎತ್ತರಿಸಿದವರಿಗೆ ಮೋರಿಯ ಬಾಯಿ ಮುಚ್ಚಿದ್ದು ಕಾಣುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1890ರ ದಶಕದ ಮಧ್ಯದಲ್ಲಿ ಸಿಂಧ್ ಪ್ರದೇಶದ ಸಕ್ಕರ್‌ಗೆ ಹೋದರು. ಊರಿಗೆ ಕುಡಿಯುವ ನೀರು ಸಿಂಧೂ ನದಿಯಿಂದ ಬರಬೇಕು, ಆದರೆ ಆ ನೀರೆಲ್ಲ ಕೆಸರು. ಶೋಧಕ ಹಾಸುಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ವಿಶ್ವೇಶ್ವರಯ್ಯ ನದಿಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದುಬಂದ ನೀರು ತಿಳಿಯಾಗಿ ಬಾವಿ ಸೇರಿತು. ನದಿಯ ಮರಳೇ ಶೋಧಕವಾಯಿತು.

ಫೈಫ್ ಕೆರೆಯ ಸಮಸ್ಯೆ

ಸೂರತ್‌ನಲ್ಲಿ ಸ್ವಲ್ಪ ಕಾಲ ಕಳೆದ ಮೇಲೆ ಅವರು ಪುಣೆಗೆ ಮರಳಿದರು. 1898ರಲ್ಲಿ ಜಪಾನ್‌ ಪ್ರವಾಸ ಮಾಡಿ ಬಂದರು. 1899ರಲ್ಲಿ ಪುಣೆ ನೀರಾವರಿ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್ ಆದರು. ರಾನಡೆ, ಗೋಖಲೆಯವರ ಒಡನಾಟವೂ ಈ ಊರಿನಲ್ಲೇ ಬೆಳೆದದ್ದು.

ಮುಠಾ ನದಿಗೆ ಖಡಕ್‌ವಾಸ್ಲಾದಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟೆ 1870ರ ದಶಕದ್ದು. ಅದನ್ನು ರೂಪಿಸಿದ ಕರ್ನಲ್ ಫೈಫ್ ಹೆಸರಿನಲ್ಲಿ ಜಲಾಶಯವನ್ನು ಫೈಫ್ ಕೆರೆ ಎಂದು ಕರೆಯುತ್ತಿದ್ದರು. ಪುಣೆ ನಗರ, ದಂಡುಪ್ರದೇಶ, ಮುಠಾ ಕಾಲುವೆಯ ಹೊಲಗದ್ದೆ, ಎಲ್ಲಕ್ಕೂ ಅದೇ ಆಧಾರ. ಮಳೆಗಾಲದಲ್ಲಿ ಪ್ರತಿ ವರ್ಷ ಕೋಡಿಯ ಮೇಲೆ ಹಲವು ಅಡಿ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆ ಬಂದರೆ ಕೊರತೆ. ಕಟ್ಟೆಯನ್ನು ಎತ್ತರಿಸೋಣ ಎಂದರೆ ಹಳೆಯ ಗೋಡೆಯ ಮೇಲೆ ಭಾರ ಹೆಚ್ಚುತ್ತದೆ. ಕೋಡಿಗೆ ಸಾಮಾನ್ಯ ಬಾಗಿಲು ಹಾಕೋಣ ಎಂದರೆ ನಡುರಾತ್ರಿ ಪ್ರವಾಹ ಬಂದಾಗ ಅಷ್ಟೂ ಬಾಗಿಲುಗಳನ್ನು ತೆರೆಯುವವರು ಯಾರು?

ಈ ಎರಡನೆಯ ಪ್ರಶ್ನೆಗೆ ಸ್ವಯಂಚಾಲಿತ ಗೇಟು ಉತ್ತರವಾಯಿತು. ನೀರು ಪೂರ್ಣ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತದೆ. ನೀರು ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕಾವಲುಗಾರ ನಿದ್ದೆ ಮಾಡಿದರೂ ಗೇಟು ಮಾಡುವುದಿಲ್ಲ. ಕಟ್ಟೆಯ ಗೋಡೆ ಮುಟ್ಟದೆ ಜಲಾಶಯದಲ್ಲಿ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. ಸಂಗ್ರಹ ಕಾಲು ಭಾಗದಷ್ಟು ಏರಿತು. ವಿಶ್ವೇಶ್ವರಯ್ಯ ಇದಕ್ಕೆ ಪೇಟೆಂಟ್ ಪಡೆದರು, ಆದರೆ ತಾವೇ ನೌಕರಿಯಲ್ಲಿದ್ದ ಸರ್ಕಾರದಿಂದ ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೂ, ಕನ್ನಂಬಾಡಿಗೂ ಇದೇ ವಿಧಾನ ಹೋಯಿತು.

ಇಲ್ಲೊಂದು ಮಾತು ಗಮನಿಸಬೇಕು. ಆ ಗೇಟುಗಳ ಗುರಿ ನೀರು ಉಳಿಸುವುದು. ಪ್ರವಾಹದಿಂದ ಕೆಳಗಿನ ಊರು ಕಾಯಬೇಕಾದರೆ ಜಲಾಶಯದಲ್ಲಿ ಖಾಲಿ ಜಾಗ ಇರಬೇಕು. ಬೇಸಿಗೆಗೆ ನೀರು ಬೇಕಾದರೆ ಜಲಾಶಯ ತುಂಬಿರಬೇಕು. ಎರಡೂ ಒಟ್ಟಿಗೆ ಆಗದು. ಜುಲೈ ಕೊನೆಯಲ್ಲಿ ಕಟ್ಟೆ ಎಷ್ಟು ತುಂಬಿಸಬೇಕು ಎಂಬ ಪ್ರಶ್ನೆ ಪುಣೆಯ ನೀರಾವರಿ ಅಧಿಕಾರಿಗಳನ್ನು ಇಂದಿಗೂ ಕಾಡುತ್ತದೆ. ಮೇಲ್ಭಾಗದ ಪಾನ್‌ಶೆತ್, ವರಸ್‌ಗಾಂವ್, ಟೇಮ್‌ಘರ್ ಜಲಾಶಯಗಳ ನೀರೂ ಕೊನೆಗೆ ಖಡಕ್‌ವಾಸ್ಲಾಕ್ಕೇ ಇಳಿಯುತ್ತದೆ. ಆ ಪ್ರದೇಶ ಘಟ್ಟದ ಮಳೆಯದ್ದು. ನಗರದಲ್ಲಿ ತುಂತುರು ಇರುವಾಗಲೂ ಅಲ್ಲಿ ಜಡಿಮಳೆ ಇರಬಹುದು.

ಪುಣೆ ಭಾಗದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಬ್ಲಾಕ್ ಪದ್ಧತಿ. ಕಾಲುವೆಯ ತಲೆಭಾಗದ ರೈತರು ಕಬ್ಬಿಗೆ ಬೇಕಾದಷ್ಟು ನೀರು ಹಾಯಿಸುತ್ತಿದ್ದರು, ಕೊನೆಯ ರೈತನಿಗೆ ಏನೂ ಉಳಿಯುತ್ತಿರಲಿಲ್ಲ. ಮೇಲಿನ ಹೊಲದಲ್ಲಿ ಜವಳು, ಸೊಳ್ಳೆ. ಕೆಳಗಿನ ಹೊಲ ಒಣ. ಸರದಿಯ ಮೇಲೆ ನೀರು, ಬೆಳೆಯನ್ನು ಬ್ಲಾಕ್‌ಗಳಲ್ಲಿ ಹಂಚುವುದು ಎಂಬ ಯೋಜನೆ ತಂದಾಗ ರೈತರು ಪ್ರತಿಭಟಿಸಿದರು. ಲೆಕ್ಕ ತೋರಿಸಿ ಒಪ್ಪಿಸಲು ವಿಶ್ವೇಶ್ವರಯ್ಯನವರಿಗೆ ಸಮಯ ಹಿಡಿಯಿತು. 1901ರಲ್ಲಿ ನೇಮಕವಾದ ನೀರಾವರಿ ಆಯೋಗದ ಗಮನವೂ ಈ ಪದ್ಧತಿಯ ಮೇಲೆ ಬಿತ್ತು.

1904ರಲ್ಲಿ ಅವರು ಮುಂಬೈ ಸರ್ಕಾರದ ನೈರ್ಮಲ್ಯ ಎಂಜಿನಿಯರ್ ಆದರು. ಊರುಗಳಿಗೆ ಶುದ್ಧ ನೀರು ತರುವುದು, ಕೊಳಚೆ ಹೊರಗೆ ಕಳಿಸುವುದು ಇವೆರಡೂ ಅವರ ಪಾಲಿಗೆ ಬಂದವು. ನಮ್ಮ ಧಾರವಾಡ, ವಿಜಯಪುರಗಳ ನೀರು ಸರಬರಾಜಿನ ಕೆಲಸವನ್ನೂ ಆ ದಿನಗಳಲ್ಲಿ ನೋಡಿದರು. ಆಗ ಅವು ಮುಂಬೈ ಪ್ರಾಂತದ ಊರುಗಳು. 1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿನ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ಕೊಟ್ಟರು. ಅದೇ ವರ್ಷ ಕೈಸರ್-ಎ-ಹಿಂದ್ ಪದಕ ಬಂತು. 1908ರಲ್ಲಿ, 24 ವರ್ಷಗಳ ಸೇವೆಯ ನಂತರ, ಸ್ವಂತ ಇಚ್ಛೆಯಿಂದ ಮುಂಬೈ ಸರ್ಕಾರದ ಕೆಲಸ ಬಿಟ್ಟರು.

ಮೂಸಿ ಉಕ್ಕಿದ ವರ್ಷ

ವಿದೇಶ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ನಗರ ಕೊಚ್ಚಿಹೋಗಿತ್ತು. ಸತ್ತವರ ಸಂಖ್ಯೆ ಸುಮಾರು 15 ಸಾವಿರ ಎನ್ನುತ್ತಾರೆ. ನಗರವನ್ನು ಮತ್ತೆ ಕಟ್ಟಲು, ಇನ್ನೊಮ್ಮೆ ಹೀಗಾಗದಂತೆ ತಡೆಯಲು, ಚರಂಡಿ ವ್ಯವಸ್ಥೆ ರೂಪಿಸಲು ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕೇಳಿಕೊಂಡಿತು. 1909ರಲ್ಲಿ ಅವರು ಕೆಲಸ ಶುರು ಮಾಡಿದರು.

ಎಲ್ಲಕ್ಕಿಂತ ಮೊದಲು ಅವರು ಮಾಡಿದ್ದು ಮಳೆಯ ಲೆಕ್ಕ. ಹೈದರಾಬಾದಿನ ಮಳೆ ದಾಖಲೆಯಷ್ಟೇ ಸಾಲದೆಂದು ಅಕ್ಕಪಕ್ಕದ ಪ್ರಾಂತಗಳಿಂದಲೂ ಅಂಕಿಅಂಶ ತರಿಸಿಕೊಂಡರು. ಈ ಊರಿನಲ್ಲಿ ಇದುವರೆಗೆ ಬಿದ್ದಿರುವ ಮಳೆಯೇ ಕೊನೆಯ ಮಿತಿ ಎಂದು ಅವರು ನಂಬಲಿಲ್ಲ. ಪಕ್ಕದ ಊರಿನಲ್ಲಿ ಬಿದ್ದದ್ದು ನಾಳೆ ಇಲ್ಲಿಯೂ ಬೀಳಬಹುದಲ್ಲ. ಮೂಸಿಯ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಕೆರೆ ಒಡೆದು, ಒಂದರ ನೀರು ಇನ್ನೊಂದಕ್ಕೆ ಬಿದ್ದು, ಸರಣಿಯಾಗಿ ನಗರದ ಮೇಲೆ ಬಂದಿತ್ತು. ಪ್ರವಾಹದ ತುದಿಯಲ್ಲಿ ನದಿ ಸೆಕೆಂಡಿಗೆ 4 ಲಕ್ಷ ಘನ ಅಡಿಗೂ ಹೆಚ್ಚು ಹರಿದಿತ್ತೆಂದು ಅವರು ಲೆಕ್ಕ ಹಾಕಿದರು.

ಅಷ್ಟು ನೀರನ್ನು ನಗರದ ನಡುವೆ ಹಾಯಿಸುವ ಕಾಲುವೆ ಕಟ್ಟಲಾಗದು. ಆದ್ದರಿಂದ ನಗರಕ್ಕೆ ಬರುವ ಮೊದಲೇ ಅದನ್ನು ತಡೆದು ನಿಲ್ಲಿಸಿ, ನದಿ ತಾಳುವಷ್ಟು ಮಾತ್ರ ಬಿಡಬೇಕೆಂದು ಸಲಹೆ ಮಾಡಿದರು. ಹೀಗೆ ಹುಟ್ಟಿದವು ಮೂಸಿಗೆ 1920ರ ಉಸ್ಮಾನ್ ಸಾಗರ, ಉಪನದಿ ಈಸಿಗೆ 1927ರ ಹಿಮಾಯತ್ ಸಾಗರ. ಇಲ್ಲಿ ಖಾಲಿ ಜಾಗವೇ ಮುಖ್ಯವಾಯಿತು. ಖಡಕ್‌ವಾಸ್ಲಾದಲ್ಲಿ ಜಲಾಶಯವನ್ನು ಅಂಚಿನವರೆಗೆ ತುಂಬಿಸಲು ದಾರಿ ಹುಡುಕಿದ್ದ ಎಂಜಿನಿಯರ್, ಹೈದರಾಬಾದಿನಲ್ಲಿ ಪ್ರವಾಹಕ್ಕೆಂದು ಜಾಗ ಬಿಡಿಸಿದರು. ನಗರದೊಳಗೆ ನದಿಯ ದಡ ಎತ್ತರಿಸಿ, ಅದರ ಮೇಲೆ ರಸ್ತೆ ಮತ್ತು ಉದ್ಯಾನ ಮಾಡಬೇಕೆಂದರು. ಭೂಗತ ಒಳಚರಂಡಿಯ ಯೋಜನೆಯನ್ನೂ ಬರೆದರು.

ಪುಣೆಯಲ್ಲಿ ನದಿ ಮತ್ತು ರಸ್ತೆಯ ಸಂಬಂಧ ಬೇರೆಯೇ ದಾರಿ ಹಿಡಿಯಿತು. ಡೆಕ್ಕನ್ ಜಿಮಖಾನಾ ಬಳಿಯ ಬಾಬಾ ಭಿಡೆ ಸೇತುವೆ ಎಷ್ಟು ತಗ್ಗಿನಲ್ಲಿದೆ ಎಂದರೆ ಖಡಕ್‌ವಾಸ್ಲಾದಿಂದ ನೀರು ಹೆಚ್ಚು ಬಿಟ್ಟಾಗಲೆಲ್ಲ ಅದು ಮುಳುಗುತ್ತದೆ, ಸಂಚಾರ ನಿಲ್ಲುತ್ತದೆ. ನದಿಪಾತ್ರದೊಳಗೇ ರಸ್ತೆಗಳು ಬಂದವು. ವಿಠ್ಠಲವಾಡಿಯಿಂದ ವಾರ್ಜೆ ಕಡೆಗೆ ಮುಠಾ ಪಾತ್ರದಲ್ಲಿ ಹಾಕಿದ ರಸ್ತೆಯ ವಿರುದ್ಧ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಕೊಡಬೇಕಾಯಿತು. ಭೂಮಿ ಸ್ವಾಧೀನದ ಕಷ್ಟವಿಲ್ಲದ ಜಾಗ ಎಂದರೆ ನದಿ ಮತ್ತು ಹಳ್ಳ. ಅದಕ್ಕಾಗಿಯೇ ರಸ್ತೆ ಮಾಡುವವರ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ.

ಜಲಾಶಯ ತಡೆಯಲಾಗದ ನೀರು

ಮೈಸೂರಿನ ವರ್ಷಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. 1909ರಲ್ಲಿ ಮುಖ್ಯ ಎಂಜಿನಿಯರ್, 1911ರಲ್ಲಿ ಕನ್ನಂಬಾಡಿ ಕೆಲಸ ಶುರು, 1912ರಿಂದ 1918ರವರೆಗೆ ದಿವಾನರು. ಆದರೆ ಪ್ರವಾಹದ ಕೆಲಸ ಅವರನ್ನು ಬಿಡಲಿಲ್ಲ. 1920ರ ದಶಕದಲ್ಲಿ ಹೈದರಾಬಾದಿಗೆ ಮತ್ತೆ ಸಲಹೆಗಾರರಾಗಿ ಹೋದರು. 1930ರ ದಶಕದಲ್ಲಿ ಒಡಿಶಾದ ಮಹಾನದಿ ಪ್ರವಾಹದ ಬಗ್ಗೆ ವರದಿ ಕೊಟ್ಟರು. ಮಹಾನದಿಗೆ ಜಲಾಶಯ ಬೇಕೆಂಬ ಆ ವಿಚಾರ ಮುಂದೆ ಹಿರಾಕುಡ್‌ನಲ್ಲಿ ಆಕಾರ ಪಡೆಯಿತು. ತೊಂಬತ್ತು ದಾಟಿದ ಮೇಲೂ ಬಿಹಾರದ ಗಂಗಾ ಸೇತುವೆಗೆ ಜಾಗ ಆರಿಸುವ ಸಮಿತಿಯ ಮುಖ್ಯಸ್ಥರಾಗಿದ್ದರು. ಮೊಕಾಮಾದ ಆ ರಾಜೇಂದ್ರ ಸೇತುವೆ 1959ರಲ್ಲಿ ತೆರೆಯಿತು. ಅಷ್ಟರಲ್ಲಿ, 1955ರಲ್ಲಿ, ಅವರಿಗೆ ಭಾರತರತ್ನ ಬಂದಿತ್ತು.

ಅವರ ವಿಧಾನಕ್ಕೂ ಒಂದು ಮಿತಿ ಇತ್ತು ಎನ್ನದೆ ವಿಧಿಯಿಲ್ಲ. ಮೇಲಿನಿಂದ ಬರುವ ನದಿಯನ್ನು ಜಲಾಶಯ ತಡೆಯಬಲ್ಲದು. ನಗರದ ನೆತ್ತಿಯ ಮೇಲೆಯೇ ಬೀಳುವ ಮಳೆಗೆ ಜಲಾಶಯ ಏನೂ ಮಾಡಲಾರದು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿದ್ದಕ್ಕೆ ಊರೊಳಗಿನ ಕೆರೆಗಳು ಒಡೆದದ್ದು, ನಾಲೆಗಳು ಉಕ್ಕಿದ್ದು ದೊಡ್ಡ ಕಾರಣ. ಪುಣೆಯಲ್ಲಿ ಇದಕ್ಕೂ ಒಂದು ವರ್ಷ ಮೊದಲೇ ಅಂಥದ್ದು ನಡೆದಿತ್ತು.

2019ರ ಸೆಪ್ಟೆಂಬರ್ 25ರ ರಾತ್ರಿ ನಗರದ ದಕ್ಷಿಣದಲ್ಲಿ ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಕಾತ್ರಜ್ ಕಡೆಯಿಂದ ಬರುವ ಆಂಬಿಲ್ ಓಢಾ ಉಕ್ಕಿತು. ಮರಾಠಿಯ ಓಢಾ ಎಂದರೆ ನಮ್ಮ ಹಳ್ಳ. ಅರಣ್ಯೇಶ್ವರ, ಸಹಕಾರನಗರ ಭಾಗದಲ್ಲಿ ಗೋಡೆಗಳು ಬಿದ್ದವು, ಕಾರುಗಳು ಒಂದರ ಮೇಲೊಂದು ಬಿದ್ದುಕೊಂಡವು. ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ನೀರು ಖಡಕ್‌ವಾಸ್ಲಾದ್ದಲ್ಲ. ಯಾವ ಗೇಟು ಮುಚ್ಚಿದ್ದರೂ ಅದು ನಿಲ್ಲುತ್ತಿರಲಿಲ್ಲ. ಈ ಹಳ್ಳದ ದಾರಿಯನ್ನು ಹದಿನೆಂಟನೇ ಶತಮಾನದಲ್ಲೇ ನಾನಾಸಾಹೇಬ್ ಪೇಶ್ವೆ ತಿರುಗಿಸಿ, ಪರ್ವತಿ ಬೆಟ್ಟದ ಬುಡದಲ್ಲಿ ಕೆರೆ ಮಾಡಿಸಿದ್ದರು. ತಿರುಗಿಸಿದ ಹಳ್ಳವೂ ಅಗಲವಾಗಿಯೇ ಇತ್ತು. ಅದರ ಅಂಚಿಗೆ ಮನೆ, ಮೇಲೆ ಕಿರಿದಾದ ಮೋರಿ, ಪಕ್ಕಕ್ಕೆ ಗೋಡೆ ಕಟ್ಟಿದ್ದು ಈಚಿನವರು.

ಮಳೆಯ ಲೆಕ್ಕವೇ ಈಗ ಬದಲಾಗಿದೆ ಎಂಬುದನ್ನು ಕಂಡುಕೊಂಡವರೂ ಇದೇ ಊರಿನ ವಿಜ್ಞಾನಿಗಳು. ಪುಣೆಯ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿವೆ. ಅರಬ್ಬಿ ಸಮುದ್ರದಿಂದ ಬರುವ ತೇವಾಂಶದ ಏರುಪೇರು ಇದಕ್ಕೆ ಕಾರಣ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿದಿಟ್ಟುಕೊಳ್ಳಬಲ್ಲದು. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಅದು ಕೆಲವೇ ಗಂಟೆಗಳಲ್ಲಿ ಬಿದ್ದರೆ ಚರಂಡಿಗೆ ಕಷ್ಟ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 20 ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದದ ರಸ್ತೆಯ ಮೇಲೆ ಗಂಟೆಗೆ 25 ಮಿಲಿಮೀಟರ್ ಮಳೆ ಬಿದ್ದರೆ 5 ಲಕ್ಷ ಲೀಟರ್ ನೀರು. 50 ಮಿಲಿಮೀಟರ್ ಆದರೆ 10 ಲಕ್ಷ ಲೀಟರ್. ಇದು ರಸ್ತೆಯ ಮೇಲೆ ಬಿದ್ದದ್ದು ಮಾತ್ರ. ಎರಡೂ ಬದಿಯ ಕಟ್ಟಡಗಳ ತಾರಸಿ, ಕಾಂಕ್ರೀಟ್ ಅಂಗಳಗಳ ನೀರೂ ಅಲ್ಲಿಗೇ ಬರುತ್ತದೆ. ಹಿಂದೆ ಮಣ್ಣು ಒಂದಷ್ಟು ಹೀರುತ್ತಿತ್ತು. ಮುಂಬೈಯ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದ್ದರು, ನಂತರದ ಯೋಜನೆಯಲ್ಲಿ ಅದನ್ನು 50ಕ್ಕೆ ಏರಿಸಲು ನಿರ್ಧರಿಸಿದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದದ್ದು 944 ಮಿಲಿಮೀಟರ್.

ಮಹಾರಾಷ್ಟ್ರದಲ್ಲಿ ನದಿಗಳ ಪಕ್ಕ ಎರಡು ಗೆರೆ ಎಳೆಯುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹಕ್ಕೆ ನೀಲಿ ರೇಖೆ, 100 ವರ್ಷಕ್ಕೊಮ್ಮೆಯದಕ್ಕೆ ಕೆಂಪು ರೇಖೆ. ಅವು ನಿಂತಿರುವುದು ಹಿಂದಿನ ದಾಖಲೆಗಳ ಮೇಲೆ. ಏಕತಾ ನಗರಿಯಲ್ಲಿ ನೀರು ನುಗ್ಗಿದಾಗ ಚರ್ಚೆಯಾದದ್ದು ಯಾವ ಕಟ್ಟಡ ನೀಲಿ ರೇಖೆಯೊಳಗಿದೆ ಎಂಬುದರ ಬಗ್ಗೆ. ಆ ರೇಖೆಯನ್ನು ಯಾವ ಮಳೆಗೆಂದು ಎಳೆದದ್ದು ಎಂಬ ಪ್ರಶ್ನೆ ಹಿಂದೆ ಉಳಿಯಿತು. 1909ರಲ್ಲಿ ಅಕ್ಕಪಕ್ಕದ ಪ್ರಾಂತಗಳ ಮಳೆ ದಾಖಲೆ ತರಿಸಿಕೊಂಡ ಎಂಜಿನಿಯರ್ ಬಹುಶಃ ಇಲ್ಲಿಂದಲೇ ಶುರು ಮಾಡುತ್ತಿದ್ದರು.

1961ರ ಜುಲೈ 12

1960ರ ಸೆಪ್ಟೆಂಬರ್‌ನಲ್ಲಿ ದೇಶ ವಿಶ್ವೇಶ್ವರಯ್ಯನವರ ಶತಮಾನೋತ್ಸವ ಆಚರಿಸಿತು, ಅಂಚೆಚೀಟಿಯೂ ಹೊರಬಂತು. ಹತ್ತು ತಿಂಗಳ ನಂತರ ಪುಣೆಯ ಇತಿಹಾಸದಲ್ಲೇ ಅತಿ ದೊಡ್ಡ ಜಲದುರಂತ ನಡೆಯಿತು. ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಇನ್ನೂ ಕಟ್ಟುತ್ತಿದ್ದ ಪಾನ್‌ಶೆತ್ ಮಣ್ಣಿನ ಅಣೆಕಟ್ಟೆ 1961ರ ಜುಲೈ 12ರಂದು ಒಡೆಯಿತು. ಕೆಲಸ ಪೂರ್ತಿ ಮುಗಿಯುವ ಮೊದಲೇ ಆ ಮಳೆಗಾಲದಲ್ಲಿ ಜಲಾಶಯ ತುಂಬಿತ್ತು. ಆ ನೀರೆಲ್ಲ ಖಡಕ್‌ವಾಸ್ಲಾದ ಮೇಲೆ ಬಂದಿತು. ಫೈಫ್ ಕಾಲದ ಕಲ್ಲಿನ ಕಟ್ಟೆಯೂ ತಾಳಲಾರದೆ ಒಡೆಯಿತು. ನಗರದ ಸೇತುವೆಗಳು ಮುಳುಗಿದವು, ನದಿ ದಡದ ಪೇಠೆಗಳಲ್ಲಿ ಸಾವಿರಾರು ಮನೆಗಳು ಹೋದವು. ಪುಣೆಗೆ ಕುಡಿಯುವ ನೀರು ಕೊಡುತ್ತಿದ್ದ ಜಲಾಶಯವೇ ಬರಿದಾಯಿತು. ಖಡಕ್‌ವಾಸ್ಲಾವನ್ನು ಆಮೇಲೆ ಮತ್ತೆ ಕಟ್ಟಿದರು.

ಆ ದುರಂತ ನಡೆದು ಒಂಬತ್ತು ತಿಂಗಳಿಗೆ, 1962ರ ಏಪ್ರಿಲ್ 14ರಂದು, ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.